ಬೆಂಜೀನಿನ ಒಗಟನ್ನು ಬಿಡಿಸಿದ ಎರಿಕ್ ಹ್ಯೂಕೆಲ್ಲರು

ರಾಜ್ಯಗಳನ್ನು ಗೆದ್ದವರ ಚರಿತ್ರೆಯನ್ನು ವಾಚಕರು ಬೇಕಾದಷ್ಟು ಓದಿರುತ್ತಾರೆ. ಯಾವ ರಾಜ್ಯವನ್ನೂ ಗೆಲ್ಲದೆ, ಒಂದು ಮೇಜು, ಒಂದಿಷ್ಟು ಕಾಗದ, ಗಣಿತದ ಬಲ, ಇವಿಷ್ಟರಿಂದಲೇ ಪ್ರಕೃತಿಯ ಒಂದು ದೊಡ್ಡ ರಹಸ್ಯವನ್ನು ಭೇದಿಸಿ, ಅದರ ಫಲವು ಲೋಕದ ಕಣ್ಣಿಗೆ ಬೀಳುವುದಕ್ಕೆ ಇಪ್ಪತ್ತು ವರ್ಷ ಕಾದಿದ್ದ ಒಬ್ಬ ವಿದ್ವಾಂಸರ ಜೀವನವನ್ನು ಇಂದು ನಾವು ವಾಚಕರ ಮುಂದಿಡಲು ಇಚ್ಛಿಸುತ್ತೇವೆ. ಜರ್ಮನಿಯ ಎರಿಕ್ ಹ್ಯೂಕೆಲ್ಲರೇ ಆ ವಿದ್ವಾಂಸರು. ರಸಾಯನಶಾಸ್ತ್ರವನ್ನು ಕಾಲೇಜಿನಲ್ಲಿ ಓದುವ ವಿದ್ಯಾರ್ಥಿಗಳೆಲ್ಲರೂ ಇಂದು ಅವರ ಹೆಸರನ್ನು ಬಲ್ಲರು. ಆ ಹೆಸರಿನ ಹಿಂದಿದ್ದ ಮನುಷ್ಯನ ಕಥೆಯನ್ನು ಬಲ್ಲವರು ಮಾತ್ರ ವಿರಳ.

ಅಣುಗಳೊಳಗಿನ ಬಂಧವೆಂಬುದು ಪಂಡಿತರ ಕಾಲಕ್ಷೇಪದ ವಿಷಯ, ನಮಗೂ ಅದಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಅಂಥವರು ನೀಲಿಯ ಕಥೆಯನ್ನು ನೆನೆಯಬೇಕು. ಕಲ್ಲಿದ್ದಲ ಡಾಮರಿನಿಂದ ದೊರೆಯುವ ಬೆಂಜೀನ್ ಮುಂತಾದ ದ್ರವ್ಯಗಳ ರಚನೆಯನ್ನು ತಿಳಿದುಕೊಂಡ ಜರ್ಮನ್ ರಸಾಯನಜ್ಞರು ಬಣ್ಣಗಳನ್ನು ಕಾರ್ಖಾನೆಯಲ್ಲಿಯೇ ಕಟ್ಟಲು ಕಲಿತರು. ೧೮೯೭ರಲ್ಲಿ ಅವರ ಕೃತಕ ನೀಲಿಯು ಪೇಟೆಗೆ ಬಂದಿತು. ಬಿಹಾರದ ನೀಲಿಯ ಬೆಳೆಗೆ ಕೇಳುವವರಿಲ್ಲದಂತಾಗಿ, ತೋಟದ ದೊರೆಗಳು ತಮ್ಮ ನಷ್ಟವನ್ನು ಬಡ ರೈತರ ತಲೆಗೆ ಕಟ್ಟಿದರು. ಆ ಅನ್ಯಾಯವೇ ೧೯೧೭ರಲ್ಲಿ ಮಹಾತ್ಮರನ್ನು ಚಂಪಾರಣ್ಯಕ್ಕೆ ಕರೆದೊಯ್ದಿತು. ಒಂದು ಅಣುವಿನ ಆಕಾರವನ್ನು ಒಂದು ದೇಶದವರು ಅರಿತರೆ ಇನ್ನೊಂದು ದೇಶದ ಹೊಲಗಳು ಬೀಳುಬೀಳುವುದುಂಟು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಆದರೆ ಆ ರಸಾಯನಜ್ಞರಿಗೂ ಬೆಂಜೀನ್ ಒಂದು ಒಗಟಾಗಿಯೇ ಉಳಿದಿತ್ತು. ಅದನ್ನು ೧೮೨೫ರಲ್ಲಿ ಮೊದಲು ಬೇರ್ಪಡಿಸಿದವರು ಇಂಗ್ಲೆಂಡಿನ ಫ್ಯಾರಡೆಯವರು. ಅದರ ಒಂದು ಅಣುವಿನಲ್ಲಿ ಆರು ಇಂಗಾಲದ ಪರಮಾಣುಗಳೂ ಆರು ಜಲಜನಕದ ಪರಮಾಣುಗಳೂ ಇವೆ. ಇಂಗಾಲದ ಪ್ರತಿಯೊಂದು ಪರಮಾಣುವಿಗೂ ನಾಲ್ಕು ಕೈಗಳಿವೆ ಎಂದು ಭಾವಿಸಿದರೆ, ಇಲ್ಲಿ ಹಿಡಿಯಲು ಜಲಜನಕವೇ ಸಾಲದು. ೧೮೬೫ರಲ್ಲಿ ಕೆಕುಲೆಯವರು ಈ ಆರು ಇಂಗಾಲಗಳನ್ನು ಉಂಗುರದಂತೆ ಜೋಡಿಸಿ, ಒಂದು ಬಿಟ್ಟು ಒಂದು ಕಡೆಗೆ ಜೋಡಿಬಂಧವನ್ನಿಟ್ಟರು. ಲೆಕ್ಕವೇನೋ ಸರಿಹೋಯಿತು, ನಡತೆ ಸರಿಹೋಗಲಿಲ್ಲ. ಜೋಡಿಬಂಧವುಳ್ಳ ದ್ರವ್ಯಗಳು ಬ್ರೋಮಿನನ್ನು ಕಂಡೊಡನೆ ನುಂಗಿಬಿಡುತ್ತವೆ, ಬೆಂಜೀನ್ ಸುಮ್ಮನಿರುತ್ತದೆ. ಉಂಗುರದಲ್ಲಿ ಒಂಟಿಬಂಧ ಮತ್ತು ಜೋಡಿಬಂಧಗಳು ನಿಜವಾಗಿಯೂ ಬೇರೆಬೇರೆಯಾಗಿದ್ದರೆ, ಅಕ್ಕಪಕ್ಕದ ಎರಡು ಜಲಜನಕಗಳನ್ನು ತೆಗೆದು ಬೇರೆ ಪರಮಾಣುಗಳನ್ನಿಟ್ಟಾಗ ಎರಡು ಬಗೆಯ ದ್ರವ್ಯಗಳು ದೊರೆಯಬೇಕಿತ್ತು; ದೊರೆತುದು ಒಂದೇ ಬಗೆ. ಬಂಧಗಳು ಸದಾ ಸ್ಥಳ ಬದಲಾಯಿಸುತ್ತಿರುತ್ತವೆ ಎಂದು ಕೆಕುಲೆಯವರು ೧೮೭೨ರಲ್ಲಿ ಸಮಾಧಾನ ಹೇಳಿದರು. ಏಕೆ ಹಾಗೆ ಎಂಬ ಪ್ರಶ್ನೆಗೆ ಮಾತ್ರ ಉತ್ತರವಿರಲಿಲ್ಲ.

ಕೆಕುಲೆಯವರು ಬಾನ್ ಪಟ್ಟಣದಲ್ಲಿ ೧೮೯೬ನೆಯ ಇಸವಿ ಜುಲೈ ೧೩ರಂದು ಕಾಲವಾದರು. ಅದೇ ವರ್ಷ ಆಗಸ್ಟ್ ೯ರಂದು, ಇನ್ನೂ ಒಂದು ತಿಂಗಳು ತುಂಬುವ ಮುಂಚೆಯೇ, ಬರ್ಲಿನ್ ಬಳಿಯ ಷಾರ್ಲಾಟನ್‌ಬರ್ಗಿನಲ್ಲಿ ಎರಿಕ್ ಹ್ಯೂಕೆಲ್ಲರು ಹುಟ್ಟಿದರು. ತಂದೆ ವೈದ್ಯವಿದ್ಯೆಯನ್ನು ಕಲಿತವರು. ಎರಿಕ್ಕರು ಚಿಕ್ಕವರಿದ್ದಾಗಲೇ ಕುಟುಂಬವು ಗಟ್ಟಿಂಗನ್ನಿಗೆ ಬಂದು ನೆಲೆಸಿತು. ಗಣಿತಕ್ಕೂ ಭೌತಶಾಸ್ತ್ರಕ್ಕೂ ಆಗ ಆ ಪಟ್ಟಣವೇ ಕಾಶಿ. ಒಂದು ವರ್ಷ ಹಿರಿಯರಾದ ಅಣ್ಣ ವಾಲ್ಟರ್ ರಸಾಯನಶಾಸ್ತ್ರವನ್ನು ಹಿಡಿದರು. ತಮ್ಮ ಎರಿಕ್ ಭೌತಶಾಸ್ತ್ರವನ್ನು ಹಿಡಿದರು. ಒಂದೇ ಮನೆಯಲ್ಲಿ ಬೆಳೆದ ಈ ಎರಡು ವಿದ್ಯೆಗಳು ಮುಂದೆ ಒಬ್ಬರ ತಲೆಯಲ್ಲಿ ಕೂಡಿಕೊಂಡುದೇ ಈ ಚರಿತ್ರೆಯ ಮುಖ್ಯ ಸಂಗತಿ.

೧೯೧೪ರಲ್ಲಿ ಎರಿಕ್ಕರು ಗಟ್ಟಿಂಗನ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಅದೇ ವರ್ಷ ಮೊದಲನೆಯ ಮಹಾಯುದ್ಧವು ಹೊತ್ತಿಕೊಂಡಿತು. ವಿದ್ಯಾಭ್ಯಾಸಕ್ಕೆ ವಿಘ್ನವೊದಗಿ, ಸ್ವಲ್ಪ ಕಾಲ ಅವರು ಪ್ರಾಂಟ್ಲರ ಕೈಕೆಳಗೆ ವಾಯುಗತಿಯ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಬೇಕಾಯಿತು. ಯುದ್ಧ ಮುಗಿದ ಮೇಲೆ ಮರಳಿ ಬಂದು, ಪೀಟರ್ ಡಿಬೈಯವರ ಶಿಷ್ಯರಾಗಿ ೧೯೨೧ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಅನಂತರ ಹಿಲ್ಬರ್ಟ್, ಬಾರ್ನ್ ಮೊದಲಾದ ಧುರಂಧರರ ಬಳಿ ಸಹಾಯಕರಾಗಿದ್ದು, ೧೯೨೨ರಲ್ಲಿ ಡಿಬೈಯವರನ್ನು ಹಿಂಬಾಲಿಸಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ಕಿಗೆ ಹೋದರು.

ಮರುವರ್ಷವೇ ಗುರುಶಿಷ್ಯರ ಹೆಸರು ವಿದ್ವತ್ಪ್ರಪಂಚದಲ್ಲೆಲ್ಲ ಹರಡಿತು. ಉಪ್ಪು ನೀರಿನಲ್ಲಿ ಕರಗುವುದನ್ನು ನಾವು ನಿತ್ಯವೂ ಅಡಿಗೆಯ ಮನೆಯಲ್ಲಿ ಕಾಣುತ್ತೇವೆ. ಕರಗಿದ ಉಪ್ಪು ಧನ ಮತ್ತು ಋಣ ವಿದ್ಯುತ್ತನ್ನು ಹೊತ್ತ ಕಣಗಳಾಗಿ ಬಿಡಿಯಾಗುತ್ತದೆ ಎಂಬುದು ಹಿಂದೆಯೇ ತಿಳಿದಿತ್ತು. ಆದರೆ ದ್ರಾವಣವು ಗಟ್ಟಿಯಾದ ಹಾಗೆಲ್ಲ ಲೆಕ್ಕವು ತಪ್ಪುತ್ತಿತ್ತು. ಪ್ರತಿಯೊಂದು ಕಣವೂ ತನ್ನ ಸುತ್ತಲೂ ವಿರುದ್ಧ ಜಾತಿಯ ಕಣಗಳನ್ನು ಹೆಚ್ಚಾಗಿ ಸೆಳೆದುಕೊಂಡು ಒಂದು ಪರಿವಾರವನ್ನು ಕಟ್ಟಿಕೊಂಡಿರುತ್ತದೆ, ಆದುದರಿಂದ ಅದರ ಓಡಾಟವು ಸ್ವತಂತ್ರವಲ್ಲ ಎಂದು ಡಿಬೈ ಮತ್ತು ಹ್ಯೂಕೆಲ್ಲರು ೧೯೨೩ರಲ್ಲಿ ತೋರಿಸಿ, ಅದಕ್ಕೆ ಗಣಿತದ ಸೂತ್ರವನ್ನೂ ಕೊಟ್ಟರು. ಸಾರ ಕಡಿಮೆಯಿರುವ ದ್ರಾವಣಗಳಿಗೆ ಆ ಸೂತ್ರವು ಇಂದಿಗೂ ಪ್ರಮಾಣ. ಆಗ ಹ್ಯೂಕೆಲ್ಲರಿಗೆ ಇಪ್ಪತ್ತೇಳು ವರ್ಷ. ೧೯೨೫ರಲ್ಲಿ ಅವರು ಅನೆಮರಿಯವರನ್ನು ವಿವಾಹವಾದರು. ಆಕೆಯ ತಂದೆ ಜಿಗ್ಮಂಡಿಯವರು ಅದೇ ವರ್ಷದ ರಸಾಯನಶಾಸ್ತ್ರದ ನೊಬೆಲ್ ಬಹುಮಾನಕ್ಕೆ ಪಾತ್ರರಾದವರು.

ಇದೇ ಸಮಯದಲ್ಲಿ ಭೌತಶಾಸ್ತ್ರದಲ್ಲಿ ದೊಡ್ಡ ಕ್ರಾಂತಿಯಾಯಿತು. ೧೯೨೬ರಲ್ಲಿ ಜ್ಯೂರಿಕ್ಕಿನಲ್ಲಿಯೇ ಇದ್ದ ಶ್ರೋಡಿಂಗರರು, ಎಲೆಕ್ಟ್ರಾನೆಂಬುದನ್ನು ಸೂರ್ಯನನ್ನು ಸುತ್ತುವ ಗ್ರಹದಂತೆ ಎಣಿಸದೆ ತರಂಗದಂತೆ ಎಣಿಸಬೇಕೆಂದು ತೋರಿಸಿದರು. ಎಲೆಕ್ಟ್ರಾನು ಇರಬಹುದಾದ ಸ್ಥಳಗಳು ಒಂದು ಮೋಡದಂತೆ ಹರಡಿಕೊಂಡಿರುತ್ತವೆ. ಅಂತಹ ಹರವಿಗೆ ಇಂದಿನವರು ಕಕ್ಷಕವೆಂದು ಹೆಸರಿಟ್ಟಿದ್ದಾರೆ. ಒಂದು ಕಕ್ಷಕದಲ್ಲಿ ಎರಡು ಎಲೆಕ್ಟ್ರಾನುಗಳಿಗಿಂತ ಹೆಚ್ಚಿಗೆ ಸ್ಥಳವಿಲ್ಲ. ವಿನೋದಪ್ರಿಯರಾದ ಹ್ಯೂಕೆಲ್ಲರು ಈ ಹೊಸ ಸಿದ್ಧಾಂತದ ಮೇಲೆ ಹಾಸ್ಯದ ಪದ್ಯವನ್ನು ಕಟ್ಟಿ ಮಿತ್ರರನ್ನು ನಗಿಸಿದ್ದುಂಟು. ಆದರೆ ಕೆಲವು ವರ್ಷಗಳಲ್ಲಿ ಆ ಸಿದ್ಧಾಂತವೇ ಅವರ ಜೀವನದ ಆಯುಧವಾಯಿತು. ರಾಕ್‌ಫೆಲ್ಲರ್ ನಿಧಿಯ ವಿದ್ಯಾರ್ಥಿವೇತನದಿಂದ ಅವರು ಲಂಡನ್ನಿಗೆ ಹೋಗಿ, ಅಲ್ಲಿಂದ ೧೯೨೯ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿಗೆ ಬಂದರು. ಅಲ್ಲಿ ನೀಲ್ಸ್ ಬೋರರು, ಇಂಗಾಲದ ಜೋಡಿಬಂಧವನ್ನು ಹೊಸ ಸಿದ್ಧಾಂತದಿಂದ ವಿವರಿಸಲು ಸಾಧ್ಯವೇ ನೋಡಿ ಎಂದು ಸೂಚಿಸಿದರು. ಹ್ಯೂಕೆಲ್ಲರು ಅದನ್ನು ಹಿಡಿದರು, ಮತ್ತೆ ಬಿಡಲಿಲ್ಲ.

ಜೋಡಿಬಂಧವುಳ್ಳ ದ್ರವ್ಯಗಳಲ್ಲಿ ಅತ್ಯಂತ ಸರಳವಾದುದು ಎಥಿಲೀನ್ ಎಂಬ ಅನಿಲ. ಹಣ್ಣುಗಳು ಮಾಗುವಾಗ ಅವುಗಳಿಂದಲೇ ಹೊರಡುವ ಅನಿಲವದು. ಅದರಲ್ಲಿ ಎರಡು ಇಂಗಾಲ, ನಾಲ್ಕು ಜಲಜನಕ. ಆರೂ ಒಂದೇ ಸಮತಲದಲ್ಲಿರುತ್ತವೆ. ಎರಡು ಹಲಗೆಗಳನ್ನು ಒಂದು ಮೊಳೆಯಿಂದ ಸೇರಿಸಿದರೆ ತಿರುಗುತ್ತವೆ, ಎರಡು ಮೊಳೆಯಿಂದ ಸೇರಿಸಿದರೆ ತಿರುಗಲಾರವು. ಜೋಡಿಬಂಧವೂ ಹಾಗೆಯೇ ಎಂದು ರಸಾಯನಜ್ಞರು ತೃಪ್ತರಾಗಿದ್ದರು. ಎರಡು ಮೊಳೆಗಳೂ ಒಂದೇ ಜಾತಿಯವಲ್ಲ ಎಂಬುದು ಹ್ಯೂಕೆಲ್ಲರು ೧೯೩೦ರಲ್ಲಿ ಹೇಳಿದ ಹೊಸ ಮಾತು. ಮೊದಲನೆಯ ಬಂಧದಲ್ಲಿ ಎಲೆಕ್ಟ್ರಾನುಗಳ ಮೋಡವು ಎರಡು ಪರಮಾಣುಗಳ ನಡುವಿನ ನೇರಗೆರೆಯ ಮೇಲೆಯೇ ದಟ್ಟವಾಗಿರುತ್ತದೆ. ಅದು ಬಲವಾದುದು, ತಿರುಗಿಸಿದರೂ ಕೆಡದು. ಎರಡನೆಯದರಲ್ಲಿ ಮೋಡವು ಅಣುವಿನ ಸಮತಲದ ಮೇಲೊಂದು ಪಾಲು, ಕೆಳಗೊಂದು ಪಾಲಾಗಿ ಹಾಸಿರುತ್ತದೆ. ಇದು ದುರ್ಬಲವಾದುದು, ತಿರುಚಿದರೆ ಮುರಿಯುತ್ತದೆ. ಮೊದಲನೆಯದಕ್ಕೆ ಸಿಗ್ಮ ಬಂಧವೆಂದೂ ಎರಡನೆಯದಕ್ಕೆ ಪೈ ಬಂಧವೆಂದೂ ಈಗ ಹೆಸರು. ಒಂದೇ ಪರಮಾಣುಗಳಿಂದ, ಒಂದೇ ಜೋಡಣೆಯಿಂದ ಆದ ಮಾಲಿಯಿಕ್ ಆಮ್ಲವು ನೀರಿನಲ್ಲಿ ಸುಲಭವಾಗಿ ಕರಗುವುದೇಕೆ, ಅದರ ಸೋದರನಾದ ಫ್ಯುಮಾರಿಕ್ ಆಮ್ಲವು ಕರಗಲು ಹಿಂಜರಿಯುವುದೇಕೆ, ಒಂದು ತಾನಾಗಿಯೇ ತಿರುಗಿ ಮತ್ತೊಂದಾಗುವುದಿಲ್ಲವೇಕೆ ಎಂಬ ಹಳೆಯ ಪ್ರಶ್ನೆಗೆ ಇದರಿಂದ ಕಾರಣ ದೊರೆಯಿತು.

ಎಥಿಲೀನಿನಿಂದ ಬೆಂಜೀನಿಗೆ ದಾರಿ ತೆರೆಯಿತು. ಅಣ್ಣ ವಾಲ್ಟರರಿಂದ ರಸಾಯನಜ್ಞರ ಕಷ್ಟಗಳೇನೆಂಬುದು ಎರಿಕ್ಕರಿಗೆ ಚೆನ್ನಾಗಿ ತಿಳಿದಿತ್ತು. ೧೯೩೧ರಲ್ಲಿ ಸ್ಟುಟ್‌ಗಾರ್ಟಿನ ತಾಂತ್ರಿಕ ವಿದ್ಯಾಪೀಠದಲ್ಲಿದ್ದಾಗ ಅವರು ಬೆಂಜೀನಿನ ಮೇಲಿನ ತಮ್ಮ ದೊಡ್ಡ ಲೇಖನವನ್ನು ಪ್ರಕಟಿಸಿದರು. ಅದರ ಸಾರಾಂಶವನ್ನು ನಮ್ಮ ವಾಚಕರು ಆಸ್ತಿಯ ವ್ಯವಹಾರದ ಮಾತಿನಲ್ಲಿ ಸುಲಭವಾಗಿ ಗ್ರಹಿಸಬಹುದು. ಸಿಗ್ಮ ಬಂಧದ ಎಲೆಕ್ಟ್ರಾನುಗಳು ಇಬ್ಬಿಬ್ಬರು ನೆರೆಯವರ ಪಾಲುಗಾರಿಕೆಯ ಸ್ವತ್ತು. ಆದರೆ ಪ್ರತಿಯೊಂದು ಇಂಗಾಲದಿಂದ ಒಂದೊಂದರಂತೆ ಉಳಿಯುವ ಆರು ಪೈ ಎಲೆಕ್ಟ್ರಾನುಗಳು ಅವಿಭಕ್ತ ಕುಟುಂಬದ ಹೊಲವಿದ್ದ ಹಾಗೆ. ಇಂಥ ಭಾಗ ಇಂಥವನದೆಂದು ಗಡಿಕಲ್ಲು ಹಾಕುವಂತಿಲ್ಲ. ಉಂಗುರದ ಮೇಲೂ ಕೆಳಗೂ ಹರಡಿರುವ ಕಕ್ಷಕಗಳು ಇಡೀ ಅಣುವಿಗೆ ಸೇರಿದವು. ಆದುದರಿಂದ ಒಂಟಿಬಂಧ, ಜೋಡಿಬಂಧವೆಂಬ ಭೇದವೇ ಅಲ್ಲಿಲ್ಲ. ಇಂಗ್ಲೆಂಡಿನ ಕ್ಯಾಥಲೀನ್ ಲಾನ್ಸ್‌ಡೇಲ್ ಎಂಬ ವಿದುಷಿಯು ಬೆಂಜೀನಿನ ಉಂಗುರವುಳ್ಳ ಒಂದು ಸ್ಫಟಿಕವನ್ನು ಕ್ಷಕಿರಣಗಳಿಂದ ಪರೀಕ್ಷಿಸಿ, ಉಂಗುರವು ಚಪ್ಪಟೆಯಾದ ಷಟ್ಕೋನವೆಂದು ೧೯೨೯ರಲ್ಲಿಯೇ ತೋರಿಸಿದ್ದರು. ಮಿಲಿಮೀಟರಿನ ಕೋಟಿಯಲ್ಲೊಂದು ಪಾಲನ್ನು ಅಳತೆಯಾಗಿ ಹಿಡಿದರೆ, ಇಂಗಾಲದ ಒಂಟಿಬಂಧದ ಉದ್ದ ೧.೫೪, ಜೋಡಿಬಂಧದ್ದು ೧.೩೪. ಬೆಂಜೀನಿನಲ್ಲಿ ಆರೂ ಬಂಧಗಳು ಇವೆರಡರ ನಡುವೆ ಸುಮಾರು ೧.೩೯ ಇರುತ್ತವೆ.

ಆರು ಎಂಬ ಸಂಖ್ಯೆಗೇ ಏಕೆ ಈ ಮಹಿಮೆ? ಹ್ಯೂಕೆಲ್ಲರ ಗಣಿತವು ಅದಕ್ಕೂ ಉತ್ತರ ಕೊಟ್ಟಿತು. ಉಂಗುರದ ಪೈ ಕಕ್ಷಕಗಳು ಶಕ್ತಿಯ ಮೆಟ್ಟಿಲುಗಳಂತೆ ಒಂದರ ಮೇಲೊಂದಿವೆ. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ ಒಂದೇ ಕಕ್ಷಕ. ಅಲ್ಲಿ ಎರಡು ಎಲೆಕ್ಟ್ರಾನುಗಳಿಗೆ ಸ್ಥಳ. ಅದರ ಮೇಲಿನ ಮೆಟ್ಟಿಲುಗಳಲ್ಲಿ ಎರಡೆರಡು ಕಕ್ಷಕ. ನಾಲ್ಕು ನಾಲ್ಕು ಎಲೆಕ್ಟ್ರಾನುಗಳಿಗೆ ಸ್ಥಳ. ಆದಕಾರಣ ಎರಡು, ಆರು, ಹತ್ತು ಹೀಗೆ ಎಲೆಕ್ಟ್ರಾನುಗಳಿದ್ದಾಗ ಮೆಟ್ಟಿಲು ಪೂರ್ತಿಯಾಗಿ ತುಂಬಿ ಅಣುವಿಗೆ ವಿಶೇಷ ಸ್ಥೈರ್ಯ ಬರುತ್ತದೆ. ನಾಲ್ಕೋ ಎಂಟೋ ಇದ್ದರೆ ಮೇಲಿನ ಮೆಟ್ಟಿಲು ಅರೆಬರೆಯಾಗಿ ಉಳಿಯುತ್ತದೆ. ವಿಲ್‌ಸ್ಟೆಟರರು ೧೯೧೧ರಲ್ಲಿ ಬಹು ಪ್ರಯಾಸದಿಂದ ತಯಾರಿಸಿದ ಎಂಟು ಇಂಗಾಲಗಳ ಉಂಗುರವು ಬೆಂಜೀನಿನಂತೆ ಶಾಂತವಾಗಿರದೆ, ಸಾಮಾನ್ಯ ಜೋಡಿಬಂಧದ ದ್ರವ್ಯದಂತೆ ವರ್ತಿಸಿದುದಕ್ಕೆ ಇದೇ ಕಾರಣ. ಐದು ಇಂಗಾಲಗಳ ಉಂಗುರವು ಒಂದು ಎಲೆಕ್ಟ್ರಾನನ್ನು ಹೆಚ್ಚಿಗೆ ಪಡೆದರೆ ಆರಾಗುತ್ತದೆ. ಏಳರ ಉಂಗುರವು ಒಂದನ್ನು ಕಳೆದುಕೊಂಡರೆ ಆರಾಗುತ್ತದೆ. ಅವೆರಡೂ ಸ್ಥಿರವಾಗಿರಬೇಕೆಂದು ಈ ಲೆಕ್ಕದಿಂದ ಹೊರಟಿತು. ಐದರ ಉಂಗುರದ ಅಂತಹ ಲವಣವು ಆಗಲೇ ತಿಳಿದಿತ್ತು. ಏಳರದನ್ನು ಅಂದು ಯಾರೂ ಗುರುತಿಸಿರಲಿಲ್ಲ.

ಇಷ್ಟು ದೊಡ್ಡ ಕೆಲಸವನ್ನು ಲೋಕವು ಹೇಗೆ ಬರಮಾಡಿಕೊಂಡಿತು? ಬರಮಾಡಿಕೊಳ್ಳಲೇ ಇಲ್ಲ. ಲೇಖನವು ಪ್ರಕಟವಾದುದು ಭೌತಶಾಸ್ತ್ರದ ಪತ್ರಿಕೆಯಲ್ಲಿ. ರಸಾಯನಜ್ಞರು ಅದನ್ನು ಓದುತ್ತಿರಲಿಲ್ಲ. ಓದಿದವರಿಗೂ ಆ ಗಣಿತವು ಕಬ್ಬಿಣದ ಕಡಲೆಯಾಗಿತ್ತು. ಭೌತಶಾಸ್ತ್ರಜ್ಞರಿಗೋ, ಡಾಮರಿನ ವಾಸನೆಯ ಈ ವಿಷಯದಲ್ಲಿ ಆಸಕ್ತಿಯಿರಲಿಲ್ಲ. ಹೀಗೆ ಎರಡು ಊರುಗಳ ಗಡಿಯಲ್ಲಿ ಮನೆ ಕಟ್ಟಿದವನನ್ನು ಎರಡೂ ಊರಿನವರು ತಮ್ಮವನೆನ್ನಲಿಲ್ಲ. ಅದೇ ಕಾಲದಲ್ಲಿ ಅಮೆರಿಕೆಯ ಲೈನಸ್ ಪಾಲಿಂಗರು ಬೆಂಜೀನನ್ನು ಬೇರೊಂದು ರೀತಿಯಿಂದ ವಿವರಿಸಿದರು. ಅಣುವು ಕೆಕುಲೆಯವರ ಎರಡು ಚಿತ್ರಗಳಲ್ಲಿ ಯಾವುದೊಂದೂ ಅಲ್ಲ, ಅಂತಹ ಚಿತ್ರಗಳೆಲ್ಲದರ ಮಿಶ್ರಣವೆಂಬುದು ಅವರ ಮತ. ರಸಾಯನಜ್ಞನಿಗೆ ರೂಢಿಯಾಗಿದ್ದ ಗೆರೆಗಳಿಂದಲೇ ಅದನ್ನು ಬರೆದು ತೋರಿಸಬಹುದಾಗಿತ್ತು. ಪಾಲಿಂಗರು ಉತ್ತಮ ವಾಗ್ಮಿಗಳು. ೧೯೩೯ರಲ್ಲಿ ಅವರು ಬರೆದ ರಾಸಾಯನಿಕ ಬಂಧದ ಗ್ರಂಥವು ಎಲ್ಲೆಡೆಯೂ ಪಠ್ಯವಾಯಿತು. ಎಂಟರ ಉಂಗುರವು ಬೆಂಜೀನಿನಂತಿಲ್ಲವೇಕೆ ಎಂಬುದನ್ನು ಆ ಮತವು ಸುಲಭವಾಗಿ ಹೇಳಲಾರದೆಂದು ಹ್ಯೂಕೆಲ್ಲರು ತೋರಿಸಿಕೊಟ್ಟರು. ಆ ಆಕ್ಷೇಪಣೆಯನ್ನು ಕೇಳಿದವರು ಕೆಲವರೇ.

ಅವರ ದೇಶದ ಸ್ಥಿತಿಯೂ ಅವರಿಗೆ ಪ್ರತಿಕೂಲವಾಯಿತು. ೧೯೩೩ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಹ್ಯೂಕೆಲ್ಲರ ಹಳೆಯ ಗುರುಗಳಾದ ಬಾರ್ನರೂ, ರಾಸಾಯನಿಕ ಬಂಧಕ್ಕೆ ಹೊಸ ಸಿದ್ಧಾಂತವನ್ನು ಮೊದಲು ಅನ್ವಯಿಸಿದ ಹೈಟ್ಲರ್ ಮತ್ತು ಲಂಡನ್ ಎಂಬ ವಿದ್ವಾಂಸರೂ ಜರ್ಮನಿಯನ್ನು ಬಿಟ್ಟು ಹೋಗಬೇಕಾಯಿತು. ಇದೇ ಶಾಸ್ತ್ರದ ಮತ್ತೊಬ್ಬ ಮೇಧಾವಿ ಹಾನ್ಸ್ ಹೆಲ್ಮನ್ನರು, ಪತ್ನಿಯು ಯೆಹೂದ್ಯಳೆಂಬ ಕಾರಣದಿಂದ ಕೆಲಸ ಕಳೆದುಕೊಂಡು ರಷ್ಯಕ್ಕೆ ಹೋಗಿ, ೧೯೩೮ರಲ್ಲಿ ಅಲ್ಲಿನ ಸರಕಾರದಿಂದಲೇ ಮರಣದಂಡನೆಗೆ ಗುರಿಯಾದರು. ಜರ್ಮನಿಯಲ್ಲಿ ಈ ಶಾಸ್ತ್ರವನ್ನು ಕೂಡಿ ಬೆಳೆಸುವ ಸಂಗಾತಿಗಳೇ ಉಳಿಯಲಿಲ್ಲ. ಹ್ಯೂಕೆಲ್ಲರು ದೇಶದಲ್ಲಿಯೇ ನಿಂತರು, ಸರಕಾರಿ ವಿದ್ಯಾಪೀಠದ ಕೆಲಸವನ್ನು ಮುಂದುವರಿಸಿದರು. ಆ ದುರಾಡಳಿತವನ್ನು ಬಹಿರಂಗವಾಗಿ ಎದುರಿಸಿದವರ ಸಾಲಿನಲ್ಲಿ ಅವರ ಹೆಸರನ್ನು ನಾವು ಸೇರಿಸುವಂತಿಲ್ಲ. ಚರಿತ್ರೆಯನ್ನು ಬರೆಯುವವರು ಸ್ತೋತ್ರವನ್ನು ಬರೆಯಬಾರದು.

೧೯೩೦ರ ದಶಕದ ಉತ್ತರಾರ್ಧದಲ್ಲಿ ಅವರು ಮಾರ್ಬರ್ಗ್ ವಿಶ್ವವಿದ್ಯಾನಿಲಯಕ್ಕೆ ಬಂದರು; ಕೊನೆಯವರೆಗೂ ಆ ಪಟ್ಟಣವೇ ಅವರ ನೆಲೆಯಾಯಿತು. ದೊರೆತ ಹುದ್ದೆಯು ಪೂರ್ಣ ಪ್ರಾಧ್ಯಾಪಕರದಲ್ಲ, ಅದಕ್ಕಿಂತ ಕೆಳಗಿನ ಮೆಟ್ಟಿಲಿನದು. ಯುದ್ಧ, ಅದರ ಬೆನ್ನಿಗೆ ಬಂದ ಅಭಾವ, ಚೆನ್ನಾಗಿರದ ಆರೋಗ್ಯ ಇವುಗಳ ನಡುವೆ ಅವರ ಸಂಶೋಧನೆಯು ಬಹುಮಟ್ಟಿಗೆ ನಿಂತುಹೋಯಿತು. ಅವರ ಸೂತ್ರಗಳು ಪರದೇಶಗಳಲ್ಲಿ ಮನೆಮಾತಾದ ಮೇಲೆಯೂ ಅವರ ವಿಶ್ವವಿದ್ಯಾನಿಲಯವು ಎಚ್ಚರಗೊಳ್ಳಲಿಲ್ಲ. ಪೂರ್ಣ ಪ್ರಾಧ್ಯಾಪಕ ಪದವಿಯು ಅವರಿಗೆ ಅರವತ್ತು ದಾಟಿದ ಮೇಲೆ, ನಿವೃತ್ತಿಗೆ ಒಂದೇ ವರ್ಷ ಮುಂಚೆ ದೊರೆಯಿತು. ಅರ್ಹತೆಯನ್ನು ಕಡತದ ವೇಗದಲ್ಲಿ ಅಳೆಯುವ ಅಭ್ಯಾಸವು ಒಂದೇ ದೇಶದ ಸೊತ್ತಲ್ಲವೆಂಬುದನ್ನು ಅಧಿಕಾರಸ್ಥರಾದ ನಮ್ಮ ವಾಚಕರು ಬಲ್ಲರು.

ಅವರ ವಿದ್ಯೆಯನ್ನು ರಸಾಯನಜ್ಞರ ಮನೆಬಾಗಿಲಿಗೆ ತಂದವರು ಬೇರೆಯವರು. ೧೯೪೦ರ ದಶಕದಲ್ಲಿ ಇಂಗ್ಲೆಂಡಿನ ಕೂಲ್ಸನ್ ಮತ್ತು ಲಾಂಗೆಟ್-ಹಿಗಿನ್ಸರು ಆ ವಿಧಾನವನ್ನು ತಿದ್ದಿ ಬೆಳೆಸಿದರು. ೧೯೫೨ರಲ್ಲಿ ಕೂಲ್ಸನ್ನರು ಬರೆದ ಗ್ರಂಥವು ಅದನ್ನು ಸುಲಭವಾದ ಮಾತಿನಲ್ಲಿ ತಿಳಿಸಿತು. ಎರಡಕ್ಕೆ ನಾಲ್ಕರ ಮಡಿಗಳನ್ನು ಕೂಡಿಸಿದ ಸಂಖ್ಯೆಯ ಪೈ ಎಲೆಕ್ಟ್ರಾನುಗಳುಳ್ಳ ಉಂಗುರವು ಸ್ಥಿರವೆಂಬ ಚಿಕ್ಕ ನಿಯಮವನ್ನು ಅಮೆರಿಕೆಯ ಡೋರಿಂಗರು ೧೯೫೧ರಲ್ಲಿ ಸೂತ್ರರೂಪವಾಗಿ ಹೇಳಿದರು. ಹ್ಯೂಕೆಲ್ಲರ ನಿಯಮವೆಂದು ಇಂದು ವಿದ್ಯಾರ್ಥಿಗಳು ಕಂಠಪಾಠ ಮಾಡುವುದು ಇದನ್ನೇ. ೧೯೫೪ರಲ್ಲಿ ಅದೇ ಡೋರಿಂಗರು ನಾಕ್ಸರೊಡನೆ ಕೂಡಿ ಏಳರ ಉಂಗುರದ ಲವಣವನ್ನು ಗುರುತಿಸಿದರು. ಅದು ಉಪ್ಪಿನಂತೆ ನೀರಿನಲ್ಲಿ ಕರಗಿತು. ಹ್ಯೂಕೆಲ್ಲರ ಲೆಕ್ಕವು ನಿಜವಾಯಿತು. ವಿಚಿತ್ರವೆಂದರೆ, ಮರ್ಲಿಂಗ್ ಎಂಬ ರಸಾಯನಜ್ಞರು ೧೮೯೧ರಲ್ಲಿಯೇ ಅದನ್ನು ತಯಾರಿಸಿದ್ದರು. ಕೈಯಲ್ಲಿ ವಸ್ತುವಿತ್ತು; ಅದರ ಅರ್ಥ ತಿಳಿಯಲು ಅರವತ್ತಮೂರು ವರ್ಷ ಹಿಡಿಯಿತು.

ಮರ್ಯಾದೆಗಳು ತಡವಾಗಿ ಬಂದವು. ೧೯೬೫ರಲ್ಲಿ ಜರ್ಮನಿಯವರು ಆಟೋ ಹಾನ್ ಬಹುಮಾನವನ್ನಿತ್ತರು. ೧೯೭೭ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ತನ್ನ ವಿದೇಶೀಯ ಸದಸ್ಯರನ್ನಾಗಿ ಆರಿಸಿತು. ನೊಬೆಲ್ ಬಹುಮಾನವು ಅವರ ಮನೆಯನ್ನು ಸುತ್ತಿಕೊಂಡು ಹೋಯಿತೇ ಹೊರತು ಒಳಕ್ಕೆ ಬರಲಿಲ್ಲ. ಮಾವನಿಗೆ ಬಂದಿತು, ಗುರುಗಳಾದ ಡಿಬೈಯವರಿಗೆ ೧೯೩೬ರಲ್ಲಿ ಬಂದಿತು, ಪಾಲಿಂಗರಿಗೆ ೧೯೫೪ರಲ್ಲಿ ಬಂದಿತು, ಅಣುಕಕ್ಷಕಗಳ ಸಿದ್ಧಾಂತಕ್ಕಾಗಿ ೧೯೬೬ರಲ್ಲಿ ಅಮೆರಿಕೆಯ ಮಲಿಕನ್ನರಿಗೆ ಬಂದಿತು. ಹ್ಯೂಕೆಲ್ಲರ ವಿಧಾನವನ್ನು ವಿಸ್ತರಿಸಿ ಕೀರ್ತಿ ಪಡೆದ ಹಾಫ್‌ಮನ್ನರಿಗೆ, ಜಪಾನಿನ ಫುಕುಯಿಯವರೊಡನೆ ೧೯೮೧ರಲ್ಲಿ ಬಂದಿತು. ಅಷ್ಟು ಹೊತ್ತಿಗೆ ಹ್ಯೂಕೆಲ್ಲರು ಇರಲಿಲ್ಲ. ೧೯೭೫ರಲ್ಲಿ ಅವರು ತಮ್ಮ ಆತ್ಮಚರಿತ್ರೆಯನ್ನು ಪ್ರಕಟಿಸಿ, ಅದರ ಹೆಸರಿನಲ್ಲಿಯೇ ಗಾಂಭೀರ್ಯ ಮತ್ತು ವಿಡಂಬನೆ ಎಂಬೆರಡು ಮಾತುಗಳನ್ನು ಸೇರಿಸಿದ್ದರು. ಯೌವನದ ಆ ವಿನೋದವನ್ನು ಮುಪ್ಪೂ ಅವರಿಂದ ಕಸಿದುಕೊಂಡಿರಲಿಲ್ಲ. ೧೯೮೦ನೆಯ ಇಸವಿ ಫೆಬ್ರವರಿ ೧೬ರಂದು, ಎಂಬತ್ತಮೂರನೆಯ ವಯಸ್ಸಿನಲ್ಲಿ, ಅವರು ಮಾರ್ಬರ್ಗಿನಲ್ಲಿ ತೀರಿಕೊಂಡರು.

ಈ ಚರಿತ್ರೆಯಿಂದ ನಾವು ಗ್ರಹಿಸುವುದು ಒಂದೇ ಮಾತು. ಸತ್ಯವನ್ನು ಕಂಡುಹಿಡಿದರೆ ಅರ್ಧ ಕೆಲಸವಾಯಿತು. ಅದನ್ನು ಬೇಕಾದವರ ಭಾಷೆಯಲ್ಲಿ ಅವರಿಗೆ ಮುಟ್ಟಿಸಿದಾಗಲೇ ಕೆಲಸ ಪೂರ್ತಿಯಾಗುತ್ತದೆ. ಭೌತಶಾಸ್ತ್ರದ ಭಾಷೆಯಿಂದ ರಸಾಯನಶಾಸ್ತ್ರದ ಭಾಷೆಗೆ ದಾಟಲು, ಒಂದೇ ದೇಶದ ಪಂಡಿತರ ನಡುವೆಯೇ, ಹ್ಯೂಕೆಲ್ಲರ ವಿದ್ಯೆಗೆ ಇಪ್ಪತ್ತು ವರ್ಷ ಬೇಕಾಯಿತು. ಹಾಗಿರುವಾಗ ಶಾಸ್ತ್ರಗಳೆಲ್ಲವೂ ಪರಭಾಷೆಯಲ್ಲಿಯೇ ಇದ್ದರೆ ನಮ್ಮ ರೈತನಿಗೂ ಕುಶಲಕರ್ಮಿಗೂ ಅವು ಎಂದಿಗೆ ಮುಟ್ಟಿಯಾವು? ಈ ಕೊರತೆಯನ್ನು ಕಂಡೇ ಬೆಳ್ಳಾವೆ ವೆಂಕಟನಾರಣಪ್ಪನವರು ೧೯೧೮ರಲ್ಲಿ ಕನ್ನಡದಲ್ಲಿ ವಿಜ್ಞಾನವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಹೆಚ್ಚು ಕಾಲ ನಡೆಯಲಿಲ್ಲ. ಅವರು ಹೂಡಿದ ಕೆಲಸವು ಇಂದಿಗೂ ಮುಗಿದಿಲ್ಲ.

ಬಟ್ಟೆಗಳ ನಡುವೆ ಇಡುವ ನುಸಿಗುಳಿಗೆಯಲ್ಲಿಯೂ, ಉಡುವ ಬಟ್ಟೆಯ ಬಣ್ಣದಲ್ಲಿಯೂ, ಈಗ ಎಲ್ಲರ ಕೈಯಲ್ಲಿರುವ ದೂರವಾಣಿಗಳಲ್ಲಿ ಅನೇಕದರ ಹೊಳೆಯುವ ಪರದೆಯಲ್ಲಿಯೂ ಇರುವುದು ಹ್ಯೂಕೆಲ್ಲರು ಲೆಕ್ಕ ಹಾಕಿದ ಆ ಪೈ ಎಲೆಕ್ಟ್ರಾನುಗಳೇ. ಅವುಗಳ ನಡತೆಯನ್ನು ಮೊದಲು ಬರೆದಿಟ್ಟವರ ಹೆಸರನ್ನು ನಮ್ಮ ಮಕ್ಕಳು ಪರೀಕ್ಷೆಗಾಗಿ ಉರುಹೊಡೆದು ಮರೆಯದೆ, ಕನ್ನಡದಲ್ಲಿ ಅರ್ಥಮಾಡಿಕೊಂಡು ನೆನೆಯುವಂತಾಗಲಿ ಎಂದು ಹಾರೈಸುತ್ತೇವೆ.